ಗೋಡೆಯಾಚೆ ಗದ್ದುಗೆ, ಈಚೆ ಹತ್ತನೇ ತರಗತಿ

ಹೊಲಿಗೆ ಟೀಚರ್ ಎಂದರೆ ಶಾಲೆಯಲ್ಲಿ ಅರ್ಧ ಟೀಚರ್. ಸ್ಟಾಫ್ ರೂಮಿನಲ್ಲಿ ಅವಳಿಗೆ ಬೆನ್ನಿಲ್ಲದ ಸ್ಟೂಲು, ಟೈಂಟೇಬಲ್ಲಿನಲ್ಲಿ ಕೊನೆಯ ಪೀರಿಯಡ್ಡು. ಪರೀಕ್ಷೆ ಹತ್ತಿರ ಬಂತೆಂದರೆ ಆ ಪೀರಿಯಡ್ಡೂ ಲೆಕ್ಕದ ಮೇಷ್ಟ್ರ ಪಾಲು. ಅಜ್ಜಂಪುರದಲ್ಲಿ ಈ ಅರ್ಧ ಕೆಲಸವನ್ನು ಇಡೀ ಮನಸ್ಸಿನಿಂದ ಮಾಡಿ ನಿವೃತ್ತಳಾದವಳು ನಾನು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಒಮ್ಮೊಮ್ಮೆ ಮನೆಗೆ ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ನಾನು ಮೊದಲು ಹೇಳುವುದು ಹೊಲಿಗೆಯ ವಿಷಯವಲ್ಲ, ಕಕ್ಕಸಿನ ವಿಷಯ. ಅವರು ನಗುತ್ತಾರೆ. ನನಗೆ ಇಷ್ಟು ವರ್ಷವಾದರೂ ನಗು ಬರುವುದಿಲ್ಲ. ಸಿಟ್ಟು ಬರುತ್ತದೆ.

ನಾನು ಕೆಲಸ ಮಾಡಬೇಕೆಂದು ಹೊರಟವಳೇ ಅಲ್ಲ. ಚಿಕ್ಕಮಗಳೂರಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದೆ, ಸಿಸ್ಟರುಗಳಿಂದ ಹೊಲಿಗೆ ಕಸೂತಿ ಕಲಿತೆ, ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಎಪ್ಪತ್ತರ ದಶಕದ ನಡುವೆ ಊರಿನ ಹೈಸ್ಕೂಲಿನವರು ಹೊಲಿಗೆ ಕಲಿಸುವವರಿಗಾಗಿ ಹುಡುಕುತ್ತಿದ್ದರು. ಮನೆಯ ಕಿಟಕಿಗೆ ನಾನು ಹಾಕಿದ್ದ ಕಸೂತಿ ಪರದೆಯನ್ನು ಶಾಲೆಯ ಕಮಿಟಿಯ ಅಧ್ಯಕ್ಷರು ದಾರಿಯಲ್ಲಿ ಹೋಗುವಾಗ ನೋಡಿದ್ದರಂತೆ. ಅಷ್ಟೇ ನನ್ನ ಸಂದರ್ಶನ.

ನಮ್ಮ ಕಾನ್ವೆಂಟಿನಲ್ಲಿ ಉದ್ದನೆಯ ವರಾಂಡದ ತುದಿಗೆ ಒಂದು ಸಣ್ಣ ಕೋಣೆ ಇತ್ತು. ಒಳಗಡೆ ಚಿಲಕ, ಮುಚ್ಚಳವಿರುವ ಬಕೆಟ್ಟು, ಗೋಡೆಗೆ ಎರಡು ಮೊಳೆ, ಕಿಟಕಿಯ ಕಟ್ಟೆಯ ಮೇಲೆ ಒಂದು ತುಂಡು ಸೋಪು. ಆ ಕೋಣೆ ಏತಕ್ಕೆಂದು ಸಿಸ್ಟರುಗಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಕೋಣೆ ಇತ್ತು. ಹೆಣ್ಣುಮಕ್ಕಳು ಓದುವ ಕಡೆಯಲ್ಲೆಲ್ಲ ಅಂಥದೊಂದು ಕೋಣೆ ಇದ್ದೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ನಮ್ಮ ಹೈಸ್ಕೂಲು ನಡೆಯುತ್ತಿದ್ದದ್ದು ಒಂದು ಸಣ್ಣ ಮಠದ ಕಟ್ಟಡದಲ್ಲಿ. ಮಠದವರು ಮಕ್ಕಳು ಓದಲಿ ಎಂದು ಮುಂದಿನ ಅಂಕಣಗಳನ್ನು ಬಿಟ್ಟುಕೊಟ್ಟಿದ್ದರು. ಹತ್ತನೇ ತರಗತಿಯ ಕೋಣೆಯ ಹಿಂದಿನ ಗೋಡೆಯ ಆಚೆಗೆ ಹಿಂದಿನ ಸ್ವಾಮಿಗಳನ್ನು ಸಮಾಧಿ ಮಾಡಿದ ಗದ್ದುಗೆ. ಬೆಳಿಗ್ಗೆ ಆಚೆ ಕಡೆ ಗಂಟೆ ಹೊಡೆದರೆ ಈಚೆ ಕಡೆ ಬೋರ್ಡಿನ ಮೇಲಿನ ಡಸ್ಟರು ಅಲುಗುತ್ತಿತ್ತು. ಹುಡುಗರಿಗೂ ಮೇಷ್ಟ್ರುಗಳಿಗೂ ಕಾಂಪೌಂಡಿನ ಗೋಡೆ ಸಾಕಾಗಿತ್ತು. ಹುಡುಗಿಯರಿಗೆ ಹಿತ್ತಲಾಚೆಯ ಜಾಲಿ ಗಿಡಗಳ ಮರೆ. ಒಬ್ಬಳು ಹೋದರೆ ಇಬ್ಬರು ಕಾವಲು. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಸಂಜೆಯವರೆಗೆ ಕೂರುವುದನ್ನು ಆ ಮಕ್ಕಳು ಅಭ್ಯಾಸ ಮಾಡಿಕೊಂಡಿದ್ದರು. ಊರಾಚೆ ದನ ಸಾಕುವ ದೊಡ್ಡ ಕೊಟ್ಟಿಗೆಯೊಂದಿತ್ತು. ಯಜಮಾನರ ಜೊತೆ ಒಂದು ಭಾನುವಾರ ನೋಡಲು ಹೋಗಿದ್ದೆ. ಕಲ್ಲುಹಾಸಿನ ನೆಲಕ್ಕೆ ಇಳಿಜಾರು ಕೊಟ್ಟಿದ್ದರು, ಚರಂಡಿ ಮಾಡಿದ್ದರು, ಕರು ಹಾಕುವ ಹಸುವಿಗೆ ಬೇರೆಯೇ ಅಂಕಣ ಇತ್ತು. ಮನೆಗೆ ಬಂದು ನಾನು ಸುಮ್ಮನೆ ಅಡಿಗೆಮನೆಯಲ್ಲಿ ಕೂತುಬಿಟ್ಟೆ. ಏನಾಯ್ತು ಎಂದು ಯಜಮಾನರು ಕೇಳಿದರು. ಏನಿಲ್ಲ ಎಂದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನೋಡಿದ್ದು ಇದು. ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ ಒಬ್ಬಳು ಹುಡುಗಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಸಿರು ಲಂಗ, ಹಿಂದಕ್ಕೆ ತಿರುಗಿಸಿ ಪಿನ್ನು ಹಾಕಿದ ದಾವಣಿ. ಹತ್ತು ಗಂಟೆಗೆ ನೋಡಿದಾಗ ಮರದ ಬುಡದಲ್ಲಿದ್ದಳು. ಮಧ್ಯಾಹ್ನ ನೋಡಿದರೆ ಸರಿದು ಸರಿದು ಹತ್ತನೇ ತರಗತಿಯ ಕಿಟಕಿಯ ಕೆಳಗೆ ಬಂದಿದ್ದಳು. ಒಳಗೆ ಲೆಕ್ಕದ ಮೇಷ್ಟ್ರು ಜೋರಾಗಿ ಪಾಠ ಹೇಳುತ್ತಿದ್ದರು. ಇವಳು ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಶಿಕ್ಷೆ ಕೊಟ್ಟಿದ್ದಾರೇನೋ ಎಂದುಕೊಂಡು ಏನೇ ಮಾಡಿದೆ ಎಂದೆ. ಅವಳು ಎದ್ದು ನಿಂತು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಏನೂ ಮಾಡ್ಲಿಲ್ಲ ಟೀಚರ್. ಬೆಳಿಗ್ಗೆ ರೈಲಲ್ಲಿ ಬರುವಾಗ ಹೊರಗಾದೆ. ಒಳಗ್ ಬರೋ ಹಂಗಿಲ್ಲ. ಗದ್ದುಗೆ ಐತೆ.”

“ಮನೆಗೆ ಹೋಗಬಹುದಿತ್ತಲ್ಲ?”

“ರೈಲಿರೋದು ಸಂಜೆಗೇ.”

ಅವಳ ಹೆಸರು ಕಮಲಾಕ್ಷಿ. ಶಿವನಿ ಕಡೆಯ ಹಳ್ಳಿಯವಳು, ಬೆಳಗಿನ ಪ್ಯಾಸೆಂಜರಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದಳು. ರೈತರ ಮನೆ, ಲಿಂಗವಂತರು. ಮನೆಯಲ್ಲಿ ಅಪ್ಪ, ಬಾಣಂತಿ ಅಮ್ಮ, ಅಪ್ಪನ ತಾಯಿ ಸಿದ್ದಮ್ಮ. ಎಸ್ಸೆಸ್ಸೆಲ್ಸಿ ಪಾಸಾದರೆ ಟೀಚರ್ಸ್ ಟ್ರೈನಿಂಗಿಗೆ ಕಳಿಸುತ್ತೇನೆ, ಈ ವರ್ಷ ಆಗಲಿಲ್ಲವೋ ಕಡೂರಿನ ಗಂಡು ಕಾಯ್ತಾ ಇದೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಕೆಟ್ಟವನಲ್ಲ. ಒಂದು ಅವಕಾಶ ಕೊಟ್ಟಿದ್ದ, ಎರಡನೆಯದು ಕೊಡಲಾರದವನು. ಹೀಗೆ ಆ ಹುಡುಗಿಯ ಬಾಳೆಲ್ಲ ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು. ಹೀಗಿರುವಾಗ ತಿಂಗಳಿಗೆ ಮೂರು ದಿನ ಮರದ ಕೆಳಗೆ.

ನಾನು ನೇರವಾಗಿ ಹೆಡ್‌ಮಾಸ್ಟರ ಹತ್ತಿರ ಹೋದೆ. ತಲೆ ಎತ್ತದೆ ಮಾತಾಡುವ ಮನುಷ್ಯ, ಹೆಂಗಸರ ಜೊತೆ ಮಾತಾಡುವಾಗ ಮೇಜಿನ ಮೇಲಿನ ಪೇಪರ್ ವೆಯ್ಟನ್ನು ತಿರುಗಿಸುತ್ತಿದ್ದರು. “ಅದು ಮಠದ ಪದ್ಧತಿ ಕಣಮ್ಮ. ನಾವು ಅವರ ಜಾಗದಲ್ಲಿರೋರು. ನೀವು ಕಾನ್ವೆಂಟ್‌ನೋರು, ಇದೆಲ್ಲ ನಿಮಗೆ ತಿಳಿಯಲ್ಲ” ಎಂದರು. ಆ ಮೂರು ದಿನಕ್ಕೆ ಹಾಜರಿ ಕೊಡುತ್ತೀರಾ ಎಂದು ಕೇಳಿದೆ. ತರಗತಿಯಲ್ಲಿ ಇಲ್ಲದವರಿಗೆ ಹಾಜರಿ ಹೇಗೆ ಕೊಡೋದು ಎಂದರು. ಎಷ್ಟು ನ್ಯಾಯವಾದ ಮಾತು, ನೋಡಿ.

ನಿಯಮವನ್ನು ಅಲುಗಿಸಲು ನನ್ನ ಕೈಲಿ ಆಗುವುದಿಲ್ಲ ಎಂದು ಗೊತ್ತಾಯಿತು. ಸೂಜಿ ದಾರ ಮಾತ್ರ ನನ್ನ ಕೈಯಲ್ಲಿತ್ತು. ಪಠ್ಯದಲ್ಲಿದ್ದದ್ದು ಕರವಸ್ತ್ರ, ದಿಂಬಿನ ಚೀಲ, ಮಗುವಿನ ಜಬಲಾ. ಅದರ ಜೊತೆಗೆ ಇನ್ನೊಂದನ್ನು ಸೇರಿಸಿದೆ. ಅಪ್ಪಂದಿರ ಹಳೇ ಪಂಚೆ ಕೇಳಿ ತನ್ನಿ, ಏಕೆ ಎಂದು ಕೇಳಿದರೆ ಹೊಲಿಗೆ ಕ್ಲಾಸಿಗೆ ಎನ್ನಿ ಎಂದೆ. ಪಂಚೆಯನ್ನು ಕುದಿಸಿ, ಮಡಿಸಿ, ಸುತ್ತ ಹೊಲಿದು, ಕಾನ್ವೆಂಟಿನಲ್ಲಿ ತಿಂಗಳ ದಿನಗಳಿಗೆ ನಾವು ಇಟ್ಟುಕೊಳ್ಳುತ್ತಿದ್ದ ಹಾಗೆಯೇ ಒಂದನ್ನು ಮಾಡಿ ತೋರಿಸಿದೆ. ಬಾಗಿಲು ಹಾಕಿತ್ತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಮಲಾಕ್ಷಿಯೇ ಹೇಳಿದ್ದು:

“ಚೆನ್ನಾಗೈತೆ ಟೀಚರ್. ಆದ್ರೆ ಇದು ನಿಲ್ಲೋದು ಯಾವುದ್ರ ಮೇಲೆ? ಒಳಚಡ್ಡಿ ಹಾಕೋರಿಗೆ ಸರಿ ಹೋಯ್ತದೆ.”

ಇಡೀ ತರಗತಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿತು. ನಾನೂ ನಕ್ಕೆ. ಲಂಗದ ಒಳಗೆ ಏನಿರುತ್ತದೆ, ಏನಿರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆಮೇಲೆ ಎರಡೂ ತುದಿಗೆ ಲಾಡಿ ಹೊಲಿದು, ಸೊಂಟದ ಸುತ್ತ ಕಟ್ಟುವ ಒಂದು ಪಟ್ಟಿಗೆ ಗಂಟು ಹಾಕುವ ಹಾಗೆ ಮಾಡಿದೆವು. ಆ ಪಟ್ಟಿಯ ಅಳತೆ ಹುಡುಗಿಯರದೇ. ಗಂಟು ಎಲ್ಲಿ ಬಂದರೆ ಕೂತಾಗ ಚುಚ್ಚುವುದಿಲ್ಲ ಎಂಬುದನ್ನು ಅವರೇ ವಾದ ಮಾಡಿ ತೀರ್ಮಾನಿಸಿದರು.

ಒಗೆದು ಬಿಸಿಲಿಗೆ ಹಾಕಿ ಎಂದಾಗ ಮತ್ತೆ ನಗು. ಬಿಸಿಲಿಗೆ ಹಾಕಿದರೆ ಊರಿಗೆ ಡಂಗುರ ಸಾರಿದ ಹಾಗೆ. ಅವರು ಒಣಹಾಕುತ್ತಿದ್ದದ್ದು ಹುಲ್ಲಿನ ಬಣವೆಯ ಸಂದಿಯಲ್ಲಿ, ಸೌದೆ ರಾಶಿಯ ಹಿಂದೆ, ಮಂಚದ ಕೆಳಗಿನ ಹಗ್ಗಕ್ಕೆ. ಎಂದೂ ಪೂರ್ತಿ ಒಣಗದ ಆ ಬಟ್ಟೆಯಿಂದ ತೊಡೆ ಸಂದಿಯೆಲ್ಲ ಹುಣ್ಣು. ಕಾಲು ಅಗಲಿಸಿ ನಡೆಯುವ ಹುಡುಗಿಯರನ್ನು ನೋಡಿ ಹಿಂದಿನ ಬೆಂಚಿನ ಹುಡುಗರು ಬಾತುಕೋಳಿ ಎನ್ನುತ್ತಿದ್ದರು. ಹುಡುಗಿಯರಿಗೋ ಅದು ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ ಎಂಬ ನಂಬಿಕೆ. ತಂತಿಯ ಮೇಲೆ ಹಾಕಿ, ಅದರ ಮೇಲೊಂದು ತೆಳು ಟವೆಲ್ಲು ಹರಡಿ, ಬಿಸಿಲು ಟವೆಲ್ಲು ದಾಟಿ ಬರುತ್ತದೆ ಎಂದು ಹೇಳಿಕೊಟ್ಟೆ. ಎಂಬತ್ತರ ದಶಕದಲ್ಲಿ ತರೀಕೆರೆಯ ಮೆಡಿಕಲ್ ಸ್ಟೋರಿನಲ್ಲಿ ಪ್ಯಾಕೆಟ್ಟು ಸಿಗತೊಡಗಿತು. ಅಂಗಡಿಯವರು ಅದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಕಳ್ಳಮಾಲು ಕೊಡುವವರ ಹಾಗೆ ಕೊಡುತ್ತಿದ್ದರು. ಆದರೆ ಹಳ್ಳಿಯ ಹುಡುಗಿಯರಿಗೆ ಆಗಲೂ ಟವೆಲ್ಲಿನ ಉಪಾಯವೇ ಗತಿ. ಇಂದಿಗೂ ಬಟ್ಟೆ ಉಪಯೋಗಿಸುವವರಿಗೆ ಅದನ್ನೇ ಹೇಳಿ.

ಹತ್ತಿಯ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಒತ್ತಾಯಕ್ಕೆ ತಾಲ್ಲೂಕಿನ ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ದೊಡ್ಡ ಕಟ್ಟು ಹತ್ತಿಯ ಸುರುಳಿ ಕಳಿಸಿಕೊಟ್ಟಿದ್ದರು, ಶಾಲೆಯಲ್ಲಿ ಇದ್ದಕ್ಕಿದ್ದಂತೆ ಹೊರಗಾಗುವ ಮಕ್ಕಳಿಗೆ ಎಂದು ಬಾಯಲ್ಲಿ ಹೇಳಿ. ಹೆಡ್‌ಮಾಸ್ಟರು ಅದನ್ನು ನನಗೆ ಕೊಡಲು ನಾಚಿಕೊಂಡರು. ಆಟದ ಸಾಮಾನಿನ ಬೀರುವಿನಲ್ಲಿ ಬೀಗ ಹಾಕಿಟ್ಟರು. ಕೇಳಿದಾಗಲೆಲ್ಲ ನೋಡೋಣ ಎಂದರು. ಜನವರಿ ಇಪ್ಪತ್ತಾರರ ಮೆರವಣಿಗೆ ಬಂತು. ಎತ್ತಿನ ಗಾಡಿಯ ಮೇಲೆ ಭಾರತಮಾತೆ, ಅವಳ ಹಿಂದೆ ಹಿಮಾಲಯ. ಬೆಳ್ಳಗೆ, ಎತ್ತರವಾಗಿ, ಎಷ್ಟು ಚಂದ! ಡ್ರಿಲ್ ಮೇಷ್ಟ್ರು ಗಾಡಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದರು.

“ಹೆಂಗೈತೆ ಟೀಚರ್ ನಮ್ಮ ಹಿಮಾಲಯ? ಬೀರುನಾಗೆ ಸುಮ್ನೆ ಬಿದ್ದಿತ್ತು ಹತ್ತಿ.”

ಗಾಳಿಗೆ ಹಿಮಾಲಯ ಚೂರುಚೂರಾಗಿ ಹಾರಿ ಸಂತೆಬೀದಿಯ ಚರಂಡಿಗೆ ಬೀಳುತ್ತಿತ್ತು. ಪಕ್ಕದ ಸಾಲಿನಲ್ಲಿ ನಮ್ಮ ಹುಡುಗಿಯರು ಜೈಕಾರ ಹಾಕುತ್ತಾ ನಡೆದಿದ್ದರು. ಅದು ಯಾರ ಹತ್ತಿ ಎಂದು ಅವರಿಗೆ ಗೊತ್ತಿತ್ತು. ಕಮಲಾಕ್ಷಿ ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿಕೊಂಡು ಜೈ ಎಂದಳು.

ಆ ವರ್ಷವೇ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬಂದದ್ದು. ಕಡೂರಿನಲ್ಲಿ ಅವರ ಕಚೇರಿ, ಮನೆ ಎರಡೂ. ಹೊಲಿಗೆಯ ಮೇಜಿನ ಮೇಲೆ ಕರವಸ್ತ್ರ, ಜಬಲಾ ಎಲ್ಲ ಜೋಡಿಸಿದ್ದೆ. ಅವಸರದಲ್ಲಿ ಯಾರೋ ಆ ಇನ್ನೊಂದರ ಕಟ್ಟನ್ನೂ ತಂದಿಟ್ಟುಬಿಟ್ಟಿದ್ದರು. ಸಾಹೇಬರು ಒಂದನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಹೊಲಿಗೆ ಬಹಳ ಅಚ್ಚುಕಟ್ಟಾಗಿದೆ, ಇದೇನು ಎಂದು ಕೇಳಿದರು. ಹೆಡ್‌ಮಾಸ್ಟರು ಗೋಡೆಯ ಕಡೆ ತಿರುಗಿದರು. ಕಮಲಾಕ್ಷಿ ಕೈಕಟ್ಟಿಕೊಂಡು, “ಬಿಸಿ ಪಾತ್ರೆ ಹಿಡಿಯೋ ಬಟ್ಟೆ ಸಾರ್” ಎಂದಳು. ಲಾಡಿ ಏಕೆ ಎಂದರು. “ಮೊಳೆಗೆ ನೇತು ಹಾಕಕ್ಕೆ ಸಾರ್.”

ಸಾಹೇಬರಿಗೆ ಬಹಳ ಮೆಚ್ಚುಗೆಯಾಯಿತು. ನಮ್ಮನೆಯವಳು ದಿನಾ ಸೆರಗಿನಲ್ಲೇ ಪಾತ್ರೆ ಇಳಿಸಿ ಕೈ ಸುಟ್ಟುಕೊಳ್ಳುತ್ತಾಳೆ ಎಂದು ನಾಲ್ಕಾರು ಎತ್ತಿ ಬ್ಯಾಗಿಗೆ ಹಾಕಿಕೊಂಡರು. ಎಲ್ಲ ಶಾಲೆಗಳಲ್ಲೂ ಇಂಥ ಗೃಹೋಪಯೋಗಿ ವಸ್ತು ಮಾಡಿಸಬೇಕು ಎಂದು ಅಲ್ಲೇ ಒಂದು ಭಾಷಣವೂ ಆಯಿತು.

ಮುಂದಿನ ವಾರ ಅವರ ಮನೆಯ ಜವಾನ ಒಂದು ದೊಡ್ಡ ಗಂಟು ತಂದು ನನ್ನ ಮನೆಯಲ್ಲಿ ಇಟ್ಟ. ಮೆತ್ತಗಾದ ಹತ್ತಿ ಸೀರೆಗಳು, ಒಗೆದು, ಗಂಜಿ ತೆಗೆದು, ಮಡಿಸಿದ್ದು. ಅಮ್ಮಾವ್ರು ಕೊಟ್ಟರು, ಸಾಹೇಬ್ರಿಗೆ ಹೇಳಬಾರದಂತೆ ಎಂದ. ಆ ಹೆಂಗಸನ್ನು ನಾನು ಕೊನೆಯವರೆಗೂ ನೋಡಲಿಲ್ಲ. ಆದರೆ ಮುಂದಿನ ಸಲ ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಹೊಲಿಗೆಯ ಮೇಜನ್ನು ಬಳಸಿ ದೂರದಿಂದ ಹೋದರು. ಮನೆಯಲ್ಲಿ ಏನೋ ಮಾತಾಗಿರಬೇಕು. ಈ ಕಥೆಗೆ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಒಂದು ಮುಳ್ಳು ಉಳಿದಿದೆ. ಅಷ್ಟು ಒಳ್ಳೆಯ ಹೊಲಿಗೆಗೆ ಆ ಮಕ್ಕಳು ಸುಳ್ಳು ಹೆಸರು ಕೊಡಬೇಕಾಗಿ ಬಂತಲ್ಲ.

ಪರೀಕ್ಷೆಗೆ ಹೆಸರು ಕಳಿಸುವ ಸಮಯ ಬಂತು. ಹೆಡ್‌ಮಾಸ್ಟರು ಕಮಲಾಕ್ಷಿಯನ್ನು ಕರೆದು ಹಾಜರಿ ಸಾಲದು, ಕೂರಿಸಲಾಗದು ಎಂದರು. ಅಮ್ಮನ ಬಾಣಂತನಕ್ಕೆ ಅವಳು ಒಂದಷ್ಟು ದಿನ ಮನೆಯಲ್ಲಿ ನಿಂತದ್ದು ನಿಜ. ಆದರೆ ತಿಂಗಳು ತಿಂಗಳೂ ಮರದ ಕೆಳಗೆ ಕೂರಿಸಿದ ದಿನಗಳೇ ಅವಳನ್ನು ಗೆರೆಯ ಆಚೆಗೆ ತಳ್ಳಿದ್ದವು. ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು ಕೇಳಿದ ಪ್ರಶ್ನೆ ಮಾತ್ರ ಇನ್ನೂ ಕಿವಿಯಲ್ಲಿದೆ.

“ನಾನು ಬಂದಿದ್ದೆ ಟೀಚರ್. ರೈಲ್ ಹತ್ತಿ ಬಂದು ಇಲ್ಲೇ ಕೂತಿದ್ದೆ. ಅವರೇ ಒಳಗ್ ಬಿಡದೆ, ಈಗ ಬರ್ಲಿಲ್ಲ ಅಂದ್ರೆ?”

ಹೆಡ್‌ಮಾಸ್ಟರು ಕೆಟ್ಟವರೆಂದು ಹೇಳಲಾರೆ. ಅವರೇ ಒಂದು ದಾರಿ ತೋರಿಸಿದರು. ಡಾಕ್ಟರ ಹತ್ತಿರ ಕಾಮಾಲೆಯಾಗಿತ್ತು ಎಂದು ಸರ್ಟಿಫಿಕೇಟ್ ತಂದರೆ ಮೇಲಿನ ಕಚೇರಿಯವರು ಕ್ಷಮಿಸುತ್ತಾರೆ ಎಂದರು. ಕಾಯಿಲೆಯಿಲ್ಲದ ಹುಡುಗಿಗೆ ಕಾಯಿಲೆ ಕಟ್ಟುವುದಕ್ಕೆ ನಾಚಿಕೆಯಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯಲು ನಾಚಿಕೆ.

ಮರುದಿನ ಕಮಲಾಕ್ಷಿಯ ಜೊತೆ ಅವಳಜ್ಜಿ ಸಿದ್ದಮ್ಮನೂ ರೈಲಿಳಿದು ಬಂದರು. ಗಟ್ಟಿ ಮುದುಕಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಹಣೆ ತುಂಬ ವಿಭೂತಿ. ಕಾಮಾಲೆ ಅಂತ ಬರೆಸಿದರೆ ನಾಳೆ ಗಂಡಿನ ಕಡೆಯವರು ಕೇಳಿದಾಗ ಯಾರು ಉತ್ತರ ಹೇಳೋದು ಎಂದು ತಕರಾರು ತೆಗೆದರು. ನಾನು ಕೂರಿಸಿ ಎಲ್ಲ ವಿವರಿಸಿದೆ. ಮೊಮ್ಮಗಳನ್ನು ಹೊರಗೆ ಕೂರಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಇಸ್ಕೂಲಿನೋರ ಕಾನೂನು, ಇಂಗ್ಲಿಷರ ಕಾಲದ್ದು ಎಂದು ತಿಳಿದಿದ್ದರಂತೆ. ಅದಕ್ಕೆ ಗದ್ದುಗೆ ಕಾರಣ ಎಂಬ ಮಾತು ಕೇಳಿದ್ದು ಅದೇ ಮೊದಲು.

“ಗದ್ದುಗೆಗಾ?” ಎಂದರು. “ಮಠದ ಗದ್ದುಗೆಗೆ ನನ್ನ ಮೊಮ್ಮಗಳು ಮೈಲಿಗೆನಾ? ಇದನ್ನ ಹೇಳಿದೋನು ಯಾರು?”

ಹೇಳಿದವರು ಯಾರು ಎಂದು ನಾನು ಎಂದೂ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸಿದ್ದಮ್ಮ ನನ್ನ ಕೈ ಹಿಡಿದುಕೊಂಡು ನೇರ ಅಧ್ಯಕ್ಷ ಮಲ್ಲಪ್ಪನವರ ಮಂಡಿಗೆ ನಡೆದರು. ಮಲ್ಲಪ್ಪನವರು ಈರುಳ್ಳಿ ವ್ಯಾಪಾರಿ, ಅದೇ ಮಠದ ಭಕ್ತರು, ಊರಿಗೆ ದೊಡ್ಡ ಮನುಷ್ಯರು. ಚೀಲಗಳ ನಡುವೆ ಗಾದಿಯ ಮೇಲೆ ಕೂತಿದ್ದರು, ಜೊತೆಗೆ ಕಮಿಟಿಯ ಒಬ್ಬಿಬ್ಬರು, ಹೆಡ್‌ಮಾಸ್ಟರೂ ಇದ್ದರು. ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಮುದುಕಿ ಕರಡಿಗೆಯನ್ನು ಸೆರಗಿನಿಂದ ಈಚೆ ತೆಗೆದರು.

“ಏನಪ್ಪಾ ಮಲ್ಲಪ್ಪ, ಇದು ನಿನ್ನ ಕೊರಳಾಗೂ ಐತಲ್ಲ?”

“ಐತಮ್ಮ.”

“ಲಿಂಗ ಕಟ್ಕೊಂಡ ಮೈಗೆ ಸೂತಕ ಇಲ್ಲ ಅಂತ ನಿಮ್ಮವ್ವ ನಿಂಗೆ ಹೇಳ್ಲಿಲ್ವಾ? ಅವಳೂ ನಾನೂ ಒಂದೇ ಓಣಿಯೋರು. ಆ ದಿನದಾಗೂ ಲಿಂಗಪೂಜೆ ಮಾಡಿ, ರೊಟ್ಟಿ ತಟ್ಟಿ, ನಿಂಗೆ ಉಣ್ಣಾಕ್ ಇಕ್ಕಿದೋಳು ಅವಳು. ಉಂಡು ಬೆಳೆದ ಮೇಲೆ ಈಗ ನನ್ನ ಕೂಸಿನ ಮೈಲಿಗೆ ಅಳೀತೀಯಾ?”

ಮಲ್ಲಪ್ಪನವರು ನನ್ನದೇನಿಲ್ಲ, ಅದು ಮಠದ ಅಪ್ಪಣೆ ಎಂದರು. ಹೆಡ್‌ಮಾಸ್ಟರು ಹೌದು ಹೌದು ಎಂದರು. ಹಾಗಾದರೆ ಬುದ್ಧಿಯವರನ್ನೇ ಕೇಳೋಣ ನಡೀರಿ ಎಂದು ಸಿದ್ದಮ್ಮ ಎದ್ದೇ ಬಿಟ್ಟರು. ಅವರ ಹಿಂದೆ ನಾನು, ನನ್ನ ಹಿಂದೆ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತ ಊರಿನ ದೊಡ್ಡ ಮನುಷ್ಯರು.

ಮಠದ ಸ್ವಾಮಿಗಳು ವಯಸ್ಸಾದವರು. ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಲ್ಲಪ್ಪನವರು ಅಡ್ಡಬಿದ್ದು ವಿಷಯವನ್ನು ಸುತ್ತಿ ಬಳಸಿ ಹೇಳಿದರು. ಸ್ವಾಮಿಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಅಂಥ ಅಪ್ಪಣೆ ನಾವೂ ಕೊಟ್ಟಿಲ್ಲ, ನಮ್ಮ ಹಿಂದಿನವರೂ ಕೊಟ್ಟಿಲ್ಲ ಎಂದರು. ಹೆಡ್‌ಮಾಸ್ಟರು ಮೆಲ್ಲಗೆ, ಲಿಂಗವಂತರ ಮಕ್ಕಳ ಮಾತು ಸರಿ ಬುದ್ಧಿ, ಬೇರೆ ಜಾತಿಯವರೂ ಇದ್ದಾರಲ್ಲ ಎಂದರು.

“ಗೋಡೆಯಾಚೆ ಕೂತು ಓದೋ ಮಕ್ಕಳ ಜಾತಿಯನ್ನೇ ಮಠ ಕೇಳಿಲ್ಲ. ತಿಂಗಳ ದಿನ ಕೇಳ್ತದಾ?” ಎಂದರು ಸ್ವಾಮಿಗಳು. ಆಮೇಲೆ ಮಲ್ಲಪ್ಪನವರ ಕಡೆ ತಿರುಗಿದರು. “ಅದಿರಲಿ. ಹೆಣ್ಣುಮಕ್ಕಳಿಗೆ ಕಕ್ಕಸು ಕಟ್ಟಬೇಕು, ಹಿತ್ತಲಾಗೆ ಜಾಗ ಕೊಡಿ ಅಂತ ನೀವೇ ಕಮಿಟಿಯೋರು ಬಂದು ಕೇಳಿದ್ರಿ. ಕೊಟ್ಟಿದ್ದೆವಲ್ಲ. ಕಟ್ಟಿದ್ರಾ?”

ಉತ್ತರ ನಾವು ನಿಂತ ಕಡೆಯಿಂದಲೇ ಕಾಣುತ್ತಿತ್ತು. ಆ ಜಾಗದಲ್ಲಿ ತಗಡಿನ ಶೀಟು ಹೊದಿಸಿ ಮೇಷ್ಟ್ರುಗಳ ಸೈಕಲ್ಲು ನಿಲ್ಲಿಸಲು ನೆರಳು ಮಾಡಿದ್ದರು. ಮಳೆಗಾಲದಲ್ಲಿ ಮಲ್ಲಪ್ಪನವರ ಈರುಳ್ಳಿ ಚೀಲಗಳೂ ಅಲ್ಲಿರುತ್ತಿದ್ದವು.

ಆಗ ನನಗೆ ಎಲ್ಲ ತಿಳಿಯಿತು. ಕಕ್ಕಸು ಕಟ್ಟಲಿಲ್ಲ. ಕಟ್ಟದಿದ್ದ ಮೇಲೆ ಹೊರಗಾದ ಹುಡುಗಿಯರು ಶಾಲೆಯಲ್ಲಿ ಇರುವುದು ಪೇಚಾಟ. ಇರದಿದ್ದರೆ ವಾಸಿ. ಮನೆಗೆ ಕಳಿಸಲು ಒಂದು ಕಾರಣ ಬೇಕು. ಗೋಡೆಯಾಚೆ ಗದ್ದುಗೆ ಇದ್ದೇ ಇತ್ತು. ಯಾರೋ ಒಬ್ಬರು ಒಮ್ಮೆ ಆ ಮಾತು ಆಡಿದರು, ಮುಂದಿನವರು ಅದನ್ನು ಪದ್ಧತಿ ಎಂದರು, ಅದರ ಮುಂದಿನವರು ಅಪ್ಪಣೆ ಎಂದರು. ಸೈಕಲ್ಲಿಗೆ ನೆರಳು ಉಳಿಯಲಿ ಎಂದು ಒಬ್ಬ ಪುಣ್ಯಾತ್ಮರ ಗದ್ದುಗೆಯನ್ನು ಅಡ್ಡ ಇಟ್ಟರು. ಎಷ್ಟು ಹುಡುಗಿಯರು ಓದು ಬಿಟ್ಟು ಹೋದರೋ! ಅವರೆಲ್ಲ ದೇವರೇ ಬೇಡವೆಂದ ಮೇಲೆ ನಾವೇನು ಮಾಡುವುದು ಎಂದುಕೊಂಡೇ ಹೋಗಿರಬೇಕು. ಕಾನ್ವೆಂಟಿನಲ್ಲಿ ನನಗೆ ಕೋಪವನ್ನು ನುಂಗುವುದು ಕಲಿಸಿದ್ದರು. ಅವತ್ತು ನುಂಗಲು ಆಗಲಿಲ್ಲ. ನಾನು ಮಲ್ಲಪ್ಪನವರಿಗೆ ಏನೆಂದೆನೋ ಪೂರ್ತಿ ನೆನಪಿಲ್ಲ. ನಿಮ್ಮ ಈರುಳ್ಳಿ ನೆನೆಯಬಾರದು, ಮಕ್ಕಳು ಮಾತ್ರ ಮರದಡಿ ನೆನೆಯಬಹುದೇ ಎಂದು ಕೇಳಿದ್ದು ನೆನಪಿದೆ. ಧ್ವನಿ ಏರಿಸಲಿಲ್ಲ. ಏರಿಸಲು ನನಗೆ ಬರುವುದೂ ಇಲ್ಲ.

ನಿಯಮ ಅವತ್ತೇ ಹೋಯಿತು. ಆದರೆ ಹೋದ ದಿನಗಳ ಹಾಜರಿ? ಅದಕ್ಕೆ ಕಡೂರಿನ ಕಚೇರಿಯ ಒಪ್ಪಿಗೆ ಬೇಕು, ಕಾರಣ ಬರೆದು ಅರ್ಜಿ ಹಾಕಬೇಕು. ಬರೀರಿ ಎಂದು ಮಲ್ಲಪ್ಪನವರು ಹೆಡ್‌ಮಾಸ್ಟರಿಗೆ ಹೇಳಿದರು. ಅವರು ಪೆನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ತೆಗೆದು, ಕೊನೆಗೆ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ಬರೆದೆ. ವಿದ್ಯಾರ್ಥಿನಿಯು ಮುಟ್ಟಾದ ದಿನಗಳಲ್ಲಿ ಶಾಲೆಗೆ ಬಂದಿದ್ದಳು, ಶಾಲೆಯವರೇ ಅವಳನ್ನು ತರಗತಿಯ ಹೊರಗೆ ಕೂರಿಸಿದ್ದರು, ಆ ದಿನಗಳನ್ನು ಹಾಜರಿಯೆಂದು ಎಣಿಸಬೇಕು ಎಂದು ಸ್ಪಷ್ಟವಾಗಿ ಬರೆದೆ. ಹೆಡ್‌ಮಾಸ್ಟರು ಓದದೆ, ಕಿಟಕಿಯಾಚೆ ನೋಡುತ್ತ ರುಜು ಹಾಕಿದರು.

ಅರ್ಜಿಯನ್ನು ನಾನೂ ಸಿದ್ದಮ್ಮನೂ ಬಸ್ಸಿನಲ್ಲಿ ಕಡೂರಿಗೆ ಒಯ್ದೆವು. ಆ ಕಚೇರಿ ನಿಮಗೆ ಗೊತ್ತಿಲ್ಲ. ಹಳೇ ಬೆಂಚಿಗೆ ಎರಡು ಮೊಳೆ ಬೇಕೆಂದು ಬರೆದರೂ ಏಕೆ, ಏನು, ಹಿಂದಿನ ಮೊಳೆ ಏನಾಯಿತು ಎಂದು ಕೇಳಿ ಹಿಂದಕ್ಕೆ ಕಳಿಸುವ ಜಾಗ. ಮೊದಲನೇ ಗುಮಾಸ್ತ ಓದಿದ, ಕೆಮ್ಮಿದ, ಮಡಚಿ ಪಕ್ಕದವರಿಗೆ ಕೊಟ್ಟ. ಪಕ್ಕದವರು ಓದಿ ಕನ್ನಡಕ ತೆಗೆದು ಒರೆಸಿದರು, ಏನೂ ಬರೆಯದೆ ಮುಂದೆ ಕಳಿಸಿದರು. ಆಕ್ಷೇಪಣೆ ಹಾಕಬೇಕಾದರೆ ಆ ಪದವನ್ನು ತಮ್ಮ ಕೈಯಾರೆ ಬರೆಯಬೇಕಲ್ಲ! ಬರೆಯುವ ಗಂಡಸು ಆ ಕಚೇರಿಯಲ್ಲಿ ಒಬ್ಬನೂ ಇರಲಿಲ್ಲ. ಸಾಹೇಬರ ಮೇಜಿಗೆ ಅದು ಮಧ್ಯಾಹ್ನಕ್ಕೆ ಮುಂಚೆಯೇ ತಲುಪಿತು. ನನ್ನ ಮುಖವನ್ನೂ ನೋಡದೆ ಅವರು ಮಂಜೂರು ಎಂದು ಬರೆದು ಕೈಗೆ ಕೊಟ್ಟರು.

“ಇಷ್ಟ್ ಬೇಗ ಆಯ್ತಾ ತಾಯಿ?” ಎಂದು ಸಿದ್ದಮ್ಮ ಕೇಳಿದರು. ಅವರಿಗೆ ಸಂತೋಷ. ನನಗೆ ಮೈ ಉರಿಯುತ್ತಿತ್ತು. ಆ ಪದ ಆಡಲು ಆಗದ ಬಾಯಿಗಳಿಂದಲೇ ಆ ಮಕ್ಕಳು ಅಷ್ಟು ವರ್ಷ ಮರದ ಕೆಳಗಿದ್ದದ್ದು. ಅವತ್ತೊಂದು ದಿನ ಅದೇ ಬಾಯಿ ಮುಚ್ಚಿದ್ದು ನಮಗೆ ಉಪಯೋಗಕ್ಕೆ ಬಂತು, ಅಷ್ಟೇ. ಹೊಸದಾಗಿ ಸೇರಿದವರು ಇದೊಂದನ್ನು ನೆನಪಿಡಿ. ಸುತ್ತಿ ಬಳಸಿ ಬರೆಯಬೇಡಿ. ಇದ್ದ ಪದವನ್ನು ಇದ್ದ ಹಾಗೆ ಬರೆಯಿರಿ.

ಪರೀಕ್ಷೆಯ ಕೇಂದ್ರ ತರೀಕೆರೆಯಲ್ಲಿ. ಹುಡುಗಿಯರನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಅರ್ಧ ಟೀಚರಾದ ನನಗೇ ಬಿತ್ತು. ಲೆಕ್ಕದ ಪರೀಕ್ಷೆಯ ಬೆಳಿಗ್ಗೆ ಬಸ್ಸಿಳಿಯುವಾಗ ಕಮಲಾಕ್ಷಿ ನನ್ನ ಕಿವಿಯ ಹತ್ತಿರ ಬಂದು, ಇವತ್ತೇ ಟೀಚರ್ ಎಂದಳು. ನಾವು ಹೊಲಿದದ್ದು ಅವಳ ಚೀಲದಲ್ಲಿತ್ತು. ಬದಲಾಯಿಸಲು ಇನ್ನೊಂದೂ ಇತ್ತು. ನಾನು ಅವಳ ಜಡೆಯ ರಿಬ್ಬನ್ನು ಬಿಗಿ ಮಾಡಿ ಒಳಗೆ ಕಳಿಸಿದೆ. ಅದು ದೊಡ್ಡ ಶಾಲೆ, ಸಿಮೆಂಟಿನ ಕಟ್ಟಡ, ಹಿಂದುಗಡೆ ಹೆಣ್ಣುಮಕ್ಕಳಿಗೆ ಎಂದು ಬೋರ್ಡು ಬರೆದ ಕಕ್ಕಸೂ ಇತ್ತು. ದೂರದಿಂದಲೇ ಆ ಬೋರ್ಡು ನೋಡಿ ನನ್ನ ಜೀವ ತಂಪಾಯಿತು.

ಗೇಟಿನ ಹೊರಗೆ ಕಾಯುತ್ತ ನಿಂತೆ. ಮೂರು ಗಂಟೆಗಳ ಪರೀಕ್ಷೆ. ನಡುವೆ ಅವಳು ಎದ್ದು ನಿಂತು ಹೊರಗೆ ಹೋಗಬೇಕು ಎಂದಳಂತೆ. ಮೇಲ್ವಿಚಾರಕರು ಎಲ್ಲರ ಎದುರಿಗೆ ಯಾಕೆ, ಚೀಟಿ ನೋಡೋದಕ್ಕಾ ಎಂದು ಕೇಳಿದರಂತೆ. ಹುಡುಗರು ನಕ್ಕರಂತೆ. ಅವಳು, “ಮುಟ್ಟಾಗಿದ್ದೀನಿ ಸಾರ್. ಬಟ್ಟೆ ಬದಲಾಯಿಸ್ಬೇಕು” ಎಂದಳಂತೆ. ನಗು ನಿಂತಿತು, ಅವಳಿಗೆ ದಾರಿ ಬಿಟ್ಟರು. ಇದನ್ನೆಲ್ಲ ಆಮೇಲೆ ಅವಳ ಜೊತೆಗಿದ್ದ ಹುಡುಗಿಯರು ಹೇಳಿದ್ದು.

ಗಂಟೆ ಹೊಡೆಯಿತು. ಹುಡುಗಿಯರು ಗುಂಪಾಗಿ ಬಂದರು. ಕಮಲಾಕ್ಷಿ ಎಲ್ಲರಿಗಿಂತ ಹಿಂದೆ, ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಬಂದಳು. ಬೆರಳ ತುದಿಗೆ ಇಂಕು ಮೆತ್ತಿತ್ತು. ಉಳಿದ ಟೀಚರುಗಳು ತಮ್ಮ ತಮ್ಮ ಮಕ್ಕಳನ್ನು ಯಾವ ಲೆಕ್ಕ ಬಂತು, ಎಷ್ಟು ಮಾಡಿದೆ ಎಂದು ಕೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆಯೇ.

“ನೀರಿತ್ತೇನೇ?”

“ಕಕ್ಕಸಿಗೆ ಬೀಗ ಹಾಕಿದ್ರು ಟೀಚರ್. ಗೋಡೆ ಹಿಂದೆ ಹೋದೆ” ಎಂದಳು. ಆಮೇಲೆ ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು: “ಲೆಕ್ಕ ಎಲ್ಲಾ ಮಾಡ್ದೆ.”